ಅಂಗಳದ ಹುಲ್ಲು, ಬಿಸಿಲಿನ ಲೆಕ್ಕ: ಸಿ.ವಿ. ರಾಮನ್ ನಗರದ ಮನೆಗಳಿಗೆ ಹಾಸುಹುಲ್ಲು ಮತ್ತು ಅಲಂಕಾರಿಕ ಹುಲ್ಲುಗಳ ತೌಲನಿಕ ಪರಿಶೀಲನೆ

ಸಿ.ವಿ. ರಾಮನ್ ನಗರದಲ್ಲಿ ಹುಲ್ಲು ಬೆಳೆಸುವ ನೆಲ ಎರಡು ಬಗೆಯದು. ಡಿಆರ್‌ಡಿಒ ಪ್ರಯೋಗಾಲಯಗಳ ಆವರಣ, ಬಾಗ್ಮನೆ ಟೆಕ್ ಪಾರ್ಕಿನಂಥ ಕಡೆ ಎಕರೆಗಟ್ಟಲೆ ಬಯಲುಂಟು. ಕಗ್ಗದಾಸಪುರ, ನಾಗವಾರಪಾಳ್ಯ, ಮಲ್ಲೇಶಪಾಳ್ಯದ ಕಡೆಗೆ ಬಂದರೆ 30×40 ಅಡಿಯ ಸೈಟು, ಅದರ ಮೇಲೆ ಎರಡು ಮೂರು ಅಂತಸ್ತು, ಮುಂದೆ ಉಳಿದಷ್ಟು ಅಂಗಳ. ಲಾನ್ ಬೇಕೆಂಬ ಆಸೆ ಈ ಅಂಗಳಕ್ಕೆ ಬಂದದ್ದು 1809ರಲ್ಲಿ ನೆಲೆಗೊಂಡ ದಂಡುಪ್ರದೇಶದ ಬಂಗಲೆಗಳಿಂದ. ಬಂಗಲೆಯ ಸುತ್ತ ವಿಶಾಲವಾದ ಕಾಂಪೌಂಡು, ತಲೆಯ ಮೇಲೆ ಬಯಲು ಆಕಾಶ ಇರುತ್ತಿದ್ದವು. ಆಸೆ ಮಾತ್ರ ಹಲಸೂರು, ಇಂದಿರಾನಗರ ದಾಟಿ ಇಲ್ಲಿಯವರೆಗೆ ಬಂತು. ಬಯಲು ಜೊತೆಗೆ ಬರಲಿಲ್ಲ. ಯಾವ ಹುಲ್ಲು ಚೆಂದ, ಯಾವುದಕ್ಕೆ ನೀರು ಕಡಿಮೆ ಎಂದು ನರ್ಸರಿಯಲ್ಲಿ ವಿಚಾರಿಸುವವರು ಅದಕ್ಕೂ ಮೊದಲು ಕೇಳಬೇಕಾದದ್ದು ಅಂಗಳಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ಎಂಬುದನ್ನು. ಇದೇ ಈ ಲೇಖನದ ವಾದ. ಇದು ತಾಕುಗಳಲ್ಲಿ ನಡೆಸಿದ ಪ್ರಯೋಗದ ವರದಿಯಲ್ಲ. ಹುಲ್ಲುಗಳ ತಿಳಿದಿರುವ ಗುಣಗಳನ್ನು ಈ ಊರಿನ ಅಕ್ಷಾಂಶ, ಮಳೆ ಮತ್ತು ಕಟ್ಟಡಗಳ ಎತ್ತರದೊಂದಿಗೆ ಇಟ್ಟು ನೋಡುವ ಪ್ರಯತ್ನ.

ಇಂಗ್ಲೆಂಡಿನ ಲಾನಿನ ಹುಲ್ಲುಗಳಾದ ರೈ ಹುಲ್ಲು, ಫೆಸ್ಕ್ಯೂಗಳನ್ನು ಮೊದಲೇ ಬದಿಗಿಡಬಹುದು. ಅವು 15ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಲುಸಾಗಿ ಬೆಳೆಯುವ ತಂಪು ಹವೆಯ ಜಾತಿಗಳು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರು ಎಷ್ಟೇ ತಂಪಿನ ಊರೆನಿಸಿಕೊಂಡರೂ 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಇಲ್ಲಿ ನಿಲ್ಲುವುದು ಬಿಸಿಹವೆಯ ಹುಲ್ಲುಗಳೇ. ಅವುಗಳಲ್ಲಿ ಮುಖ್ಯವಾದವು ಗರಿಕೆ ಅಥವಾ ಬರ್ಮುಡಾ (ಸೈನೊಡಾನ್ ಡ್ಯಾಕ್ಟಿಲಾನ್), ನರ್ಸರಿಯವರು ಕೊರಿಯನ್ ಹುಲ್ಲೆಂದು ಮಾರುವ ಜೋಯ್ಸಿಯಾ, ಅಗಲ ಎಲೆಯ ಕಾರ್ಪೆಟ್ ಹುಲ್ಲು (ಆಕ್ಸೊನೋಪಸ್ ಕಂಪ್ರೆಸಸ್) ಮತ್ತು ಸೇಂಟ್ ಅಗಸ್ಟೀನ್ (ಸ್ಟೆನೊಟ್ಯಾಫ್ರಮ್ ಸೆಕುಂಡೇಟಮ್). ನಾಲ್ಕೂ ಸಿ-4 ಬಗೆಯ ದ್ಯುತಿಸಂಶ್ಲೇಷಣೆಯವು. ಬಿಸಿಲು, ಸೆಖೆಗೆ ಒಗ್ಗಿದವು. ಆದರೆ ನೆರಳು ತಡೆಯುವ ಶಕ್ತಿಯಲ್ಲಿ ಒಂದಕ್ಕೊಂದು ಬಹಳ ದೂರ. ಗರಿಕೆಗೆ ನೆರಳೆಂದರೆ ಆಗದು. ಜೋಯ್ಸಿಯಾ ದಿನಕ್ಕೆ ಐದಾರು ಗಂಟೆ ಬಿಸಿಲು ಸಿಕ್ಕರೆ ಸುಧಾರಿಸಿಕೊಳ್ಳುತ್ತದೆ. ಉಳಿದೆರಡು ಮರದಡಿಯ ಚೆದುರು ಬಿಸಿಲಿನಲ್ಲೂ ಬದುಕುತ್ತವೆ.

ನೆರಳಿನ ಲೆಕ್ಕ

ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಶಾಲಾ ಮಕ್ಕಳು ಕೋಲು ನೆಟ್ಟು ನೋಡುವ ಶೂನ್ಯ ನೆರಳಿನ ದಿನಗಳು ಅವೇ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ವರ್ಷದ ಉಳಿದ ಕಾಲವೆಲ್ಲ ದಕ್ಷಿಣಕ್ಕೆ. ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನಲ್ಲೂ ಅವನ ಎತ್ತರ 53.6 ಡಿಗ್ರಿ ಮಾತ್ರ. ಆಗ 6 ಮೀಟರ್ ಎತ್ತರದ ಎರಡಂತಸ್ತಿನ ಮನೆ ಉತ್ತರಕ್ಕೆ 4.4 ಮೀಟರ್ ಉದ್ದದ ನೆರಳು ಚೆಲ್ಲುತ್ತದೆ, 9 ಮೀಟರಿನ ಮೂರಂತಸ್ತು 6.6 ಮೀಟರ್. 30×40 ಸೈಟಿನಲ್ಲಿ ಮನೆಯ ಮುಂದೆ ಅಷ್ಟು ಜಾಗ ಬಿಡುವವರು ಯಾರೂ ಇಲ್ಲ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಸೂರ್ಯ ಹುಟ್ಟುವುದೂ ಮುಳುಗುವುದೂ ದಕ್ಷಿಣಕ್ಕೆ ವಾಲಿಯೇ. ಹಾಗಾಗಿ ಉತ್ತರದ ಅಂಗಳ ಆ ಆರು ತಿಂಗಳು ನೇರ ಬಿಸಿಲು ಕಾಣುವುದು ಅಂಚುಗಳಲ್ಲಿ ಮಾತ್ರ. ಬಿಸಿಲು ಮರಳಿ ಬಂದಾಗಲೂ ಜೂನ್‌ನಿಂದ ಮುಂಗಾರಿನ ಮೋಡ ಅದನ್ನು ಮುಚ್ಚಿರುತ್ತದೆ. ವಾಸ್ತು ನೋಡಿ ಉತ್ತರ ದಿಕ್ಕಿನ ಸೈಟಿಗೆ ಹೆಚ್ಚು ಹಣ ಕೊಟ್ಟವರಿಗೇ ಕೊರಿಯನ್ ಹುಲ್ಲು ಕೈಕೊಡುವುದು ಈ ಕಾರಣಕ್ಕೆ.

ದಕ್ಷಿಣದ ಅಂಗಳದ ಸ್ಥಿತಿ ಬೇರೆ. ಜೂನ್ 21ರ ನಡುಹಗಲಿಗೆ ಸೂರ್ಯನ ಎತ್ತರ 79.5 ಡಿಗ್ರಿ, ಅದೇ 6 ಮೀಟರಿನ ಮನೆಯ ನೆರಳು ದಕ್ಷಿಣಕ್ಕೆ ಬೀಳುವುದು ಒಂದು ಮೀಟರಿಗೆ ತುಸು ಹೆಚ್ಚು. ಎದುರು ರಸ್ತೆಯಿದ್ದರೆ ಅಲ್ಲಿ ಜೋಯ್ಸಿಯಾ, ಗರಿಕೆ ಎರಡೂ ನಿಶ್ಚಿಂತೆಯಿಂದ ಬೆಳೆಯುತ್ತವೆ. ರಸ್ತೆಯ ಬದಲು ಪಕ್ಕದವರ ಮನೆ ಅಂಟಿಕೊಂಡಿದ್ದರೆ ಅವರ ಗೋಡೆಯ ನೆರಳನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪೂರ್ವ, ಪಶ್ಚಿಮದ ಅಂಗಳಗಳಿಗೆ ಅರ್ಧ ದಿನದ ಬಿಸಿಲುಂಟು. ಜೋಯ್ಸಿಯಾಕ್ಕೆ ಅಷ್ಟು ಸಾಕು, ಗರಿಕೆಗೆ ಸಾಲದು.

ನೀರು

ಹುಲ್ಲುಹಾಸು ನೀರು ಕುಡಿದುಹಾಕುತ್ತದೆ ಎಂಬ ದೂರು 2024ರ ಬೇಸಿಗೆಯಲ್ಲಿ ಜೋರಾಯಿತು. ಆ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ದೂರಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಅಂಕಿಗಳೇ ಹೇಳಲಿ. ಬೇಸಿಗೆಯಲ್ಲಿ ಬೆಂಗಳೂರಿನ ಆವಿಯಾಗುವಿಕೆಯ ಬೇಡಿಕೆ ದಿನಕ್ಕೆ ಐದಾರು ಮಿಲಿಮೀಟರ್. ಬಿಸಿಹವೆಯ ಹುಲ್ಲಿಗೆ ಅದರ ಶೇಕಡ 60ರಷ್ಟು ಸಾಕು, ಎಂದರೆ ಮೂರೂ ಕಾಲು ಮಿಲಿಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಹಾಗಾಗಿ 10×20 ಅಡಿಯ ಹಾಸಿಗೆ ದಿನಕ್ಕೆ ಸುಮಾರು 60 ಲೀಟರ್, ನೂರು ದಿನದ ಬೇಸಿಗೆಗೆ 6,000 ಲೀಟರ್, ಅಂದರೆ ಒಂದು ಚಿಕ್ಕ ಟ್ಯಾಂಕರ್ ಬೇಕು. ಅದೇ ವರ್ಷ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗಿನ ಅಂಥ ಟ್ಯಾಂಕರಿಗೆ 600 ರೂಪಾಯಿ ದರ ನಿಗದಿಪಡಿಸಿತ್ತು. ಇದು ಸಣ್ಣ ಖರ್ಚೇನಲ್ಲ, ಊರು ಮುಳುಗಿಸುವ ಖರ್ಚೂ ಅಲ್ಲ. ತಪ್ಪಿರುವುದು ಪೈಪು ಹಿಡಿದ ಕೈಯಲ್ಲಿ. ನಿಮಿಷಕ್ಕೆ 15 ಲೀಟರ್ ಬರುವ ಪೈಪಿನಲ್ಲಿ ನಾಲ್ಕು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ನಿಂತರೆ 450 ಲೀಟರ್ ಹರಿದಿರುತ್ತದೆ. ಬಟ್ಟೆ ತೊಳೆದ ನೀರನ್ನು ಹಾಯಿಸುವುದೂ ಜಾಣತನವಲ್ಲ. ಸೋಪಿನ ಪುಡಿಯ ಸೋಡಿಯಂ ಮಣ್ಣಿನ ಕಣಗಳನ್ನು ಒಡೆದು ನೆಲವನ್ನು ಗಟ್ಟಿ ಮಾಡುತ್ತದೆ.

ನೀರು ತಪ್ಪಿದಾಗ ನಾಲ್ಕು ಹುಲ್ಲುಗಳ ನಡತೆ ಬೇರೆ ಬೇರೆ. ಗರಿಕೆ ಒಣಗಿ ಕಂದಾಗಿ ಮಲಗುತ್ತದೆ, ಮೊದಲ ಮಳೆಗೆ ನೆಲದೊಳಗಿನ ಕಾಂಡದಿಂದ ಏಳುತ್ತದೆ. ಕಾರ್ಪೆಟ್ ಹುಲ್ಲಿನ ಬೇರು ಮೇಲುಮೇಲೆಯೇ ಇರುವುದರಿಂದ ಅದಕ್ಕೆ ತೇವ ತಪ್ಪಬಾರದು. ನೆರಳಿಗೆ ಒಗ್ಗುವ ಹುಲ್ಲೇ ನೀರಿಗೆ ಹಟ ಮಾಡುವುದು ಉತ್ತರದ ಅಂಗಳದವರಿಗೆ ಬಂದೊದಗುವ ತೊಡಕು. ಅಲ್ಲಿ ಹುಲ್ಲಿನ ಆಸೆ ಬಿಟ್ಟು ಮೊಂಡೊ (ಓಫಿಯೋಪೋಗನ್ ಜಪಾನಿಕಸ್) ಹಾಕುವುದು ಲೇಸು. ನರ್ಸರಿಯಲ್ಲಿ ಅದನ್ನೂ ಹುಲ್ಲೆಂದೇ ಮಾರುತ್ತಾರೆ. ನಿಜಕ್ಕೆ ಅದು ಶತಾವರಿಯ ಬಳಗದ ಗಿಡ, ಕತ್ತರಿಸುವ ಕೆಲಸವೂ ಇಲ್ಲ.

ಮಣ್ಣಿನ ಬಗ್ಗೆ ಒಂದೇ ಎಚ್ಚರಿಕೆ. ಮನೆ ಕಟ್ಟಿ ಮುಗಿದ ಮೇಲೆ ಸಿಮೆಂಟು, ಜಲ್ಲಿಯ ಚೂರಿನ ಮೇಲೆ ಸುರಿಸುವ ಒಂದು ಲೋಡು ಕೆಮ್ಮಣ್ಣಿನೊಳಗೆ ಜೇಕಿನ ಗೆಡ್ಡೆಗಳೂ ಬರುತ್ತವೆ. ಲಾನಿಗೆ ಜೇಕಿಗಿಂತ ಕೆಟ್ಟ ಶತ್ರು ಇಲ್ಲ. ಹುಲ್ಲು ಹಾಕುವ ಮೊದಲೇ ಮಣ್ಣಿಗೆ ನೀರು ಹಾಯಿಸಿ, ಅದು ಚಿಗುರಿದಂತೆಲ್ಲ ಗೆಡ್ಡೆ ಸಮೇತ ಅಗೆದು ತೆಗೆಯಬೇಕು. ಕೊರಿಯನ್ ಹಾಸಿನೊಳಗೆ ನುಗ್ಗಿದ ಗರಿಕೆಯನ್ನೂ ಹೀಗೇ ಕಿತ್ತುಹಾಕುತ್ತಾರೆ. ಗಣೇಶ ಚೌತಿಯ ಹಿಂದಿನ ದಿನ ಅದನ್ನೇ ಕಟ್ಟುಕಟ್ಟಾಗಿ ದುಡ್ಡು ಕೊಟ್ಟು ತರುತ್ತಾರೆ!

ಗುಚ್ಛದ ಹುಲ್ಲುಗಳು

ಹಾಸಿನ ಬದಲು ಬುಡ ಕಟ್ಟಿ ನಿಲ್ಲುವ ಅಲಂಕಾರಿಕ ಹುಲ್ಲುಗಳತ್ತ ಈಚೆಗೆ ಒಲವು ಹೆಚ್ಚಿದೆ. ಬೇರೂರಿದ ಮೇಲೆ ಇವುಗಳ ಆರೈಕೆ ಕಡಿಮೆ. ವರ್ಷಕ್ಕೊಮ್ಮೆ ಬುಡಕ್ಕೆ ಕತ್ತರಿಸಿದರೆ ಸಾಕು. ಆದರೆ ನೆರಳಿಗೆ ಇವೇ ಪರಿಹಾರ ಎಂಬ ಮಾತು ನಿಲ್ಲುವುದಿಲ್ಲ. ಕಾರಂಜಿ ಹುಲ್ಲು, ಲಾವಂಚ, ನಿಂಬೆಹುಲ್ಲು ಮೂರೂ ಬಿಸಿಲಿನವೇ. ಅವುಗಳ ಜಾಗ ದಕ್ಷಿಣದ ಅಂಚು, ಇಲ್ಲವೇ ತಾರಸಿಯ ಕುಂಡ.

ಕಾರಂಜಿ ಹುಲ್ಲಿನ (ಸೆಂಕ್ರಸ್ ಸೆಟೇಸಿಯಸ್) ಬಗ್ಗೆ ನನ್ನ ಆಕ್ಷೇಪವಿದೆ. ಉತ್ತರ ಆಫ್ರಿಕಾ ಮೂಲದ ಇದು ಹವಾಯಿಯಲ್ಲಿ ಕಾಡ್ಗಿಚ್ಚಿಗೆ ಉರುವಲಾಗಿ ಹಬ್ಬಿತು. 2017ರಿಂದ ಐರೋಪ್ಯ ಒಕ್ಕೂಟದ ಆಕ್ರಮಣಕಾರಿ ಸಸ್ಯಗಳ ಪಟ್ಟಿಯಲ್ಲಿದೆ. ನೇರಳೆ ಬಣ್ಣದ ತಳಿ ಬಹುಮಟ್ಟಿಗೆ ಬಂಜೆ, ಅಪಾಯ ಕಡಿಮೆ. ಹಸಿರು ಬಗೆಯ ಬೀಜ ಮಾತ್ರ ಗಾಳಿಗೆ, ರಾಜಕಾಲುವೆಯ ನೀರಿಗೆ ಸಿಕ್ಕಿ ಕಗ್ಗದಾಸಪುರ ಕೆರೆಯ ದಂಡೆಯವರೆಗೂ ಹೋಗಬಲ್ಲದು. ಅಂದದ ಗಿಡವೆಂದು ತಂದ ಲಂಟಾನ ಬಂಡೀಪುರದಲ್ಲಿ ಏನು ಮಾಡಿದೆಯೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಲಾವಂಚಕ್ಕೆ (ಕ್ರೈಸೊಪೊಗಾನ್ ಝಿಝಾನಿಯೋಯಿಡಿಸ್) ಈ ಭಯವಿಲ್ಲ. ದಕ್ಷಿಣ ಭಾರತದ ಬಗೆಗಳು ಬೀಜದಿಂದ ಹರಡುವುದು ತೀರ ಅಪರೂಪ; ಬುಡ ಸೀಳಿ ನೆಟ್ಟಲ್ಲಿಯೇ ನಿಲ್ಲುತ್ತವೆ. ಬೇರು ಎರಡು ಮೂರು ಮೀಟರ್ ನೇರ ಕೆಳಗಿಳಿಯುವುದರಿಂದ ಬೇಸಿಗೆಯಲ್ಲೂ ಹಸಿರು ಉಳಿಯುತ್ತದೆ. ಗುಂಡ್ಲುಪೇಟೆಯ ಕಡೆಯ ರೈತರು ಹೊಲದ ಬದುವಿಗೆ ಲಾವಂಚದ ಸಾಲು ಹಾಕಿ ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸವಕಳಿಗೆ ಲಾವಂಚವನ್ನು ಜಗತ್ತಿಗೆಲ್ಲ ಪ್ರಚಾರ ಮಾಡಿದಾಗ ಎತ್ತಿ ತೋರಿಸಿದ ಉದಾಹರಣೆಗಳಲ್ಲಿ ಇದೂ ಒಂದು. ಇಷ್ಟಿದ್ದೂ ನಗರದ ವಿನ್ಯಾಸಕಾರರು ಹೊರನಾಡಿನ ಪಟ್ಟೆ ಹುಲ್ಲನ್ನು ಹುಡುಕಿ ತರುತ್ತಾರೆ.

ಈ ಎಲ್ಲವನ್ನೂ ತೂಗಿ ನೋಡಿದರೆ ಸಿ.ವಿ. ರಾಮನ್ ನಗರದ ಅಂಗಳಕ್ಕೆ ನನ್ನ ಆಯ್ಕೆ ಹೀಗಿದೆ: ಇಡೀ ದಿನ ಬಿಸಿಲಿದ್ದು ಮಕ್ಕಳು ಓಡಾಡುವ ಜಾಗವಾದರೆ ಗರಿಕೆ, ಅರ್ಧ ದಿನದ ಬಿಸಿಲಿಗೆ, ಹಬ್ಬಲು ತಿಂಗಳುಗಟ್ಟಲೆ ಕಾಯುವ ತಾಳ್ಮೆ ಇದ್ದವರಿಗೆ ಜೋಯ್ಸಿಯಾ, ಬಿಸಿಲಿನ ಅಂಚಿಗೆ ಲಾವಂಚ, ಉತ್ತರದ ನೆರಳಿಗೆ ಮೊಂಡೊ. ಖರೀದಿಸುವವರು ಇಷ್ಟನ್ನು ತಾವೇ ಲೆಕ್ಕ ಹಾಕುವ ಸ್ಥಿತಿ ಇರಬಾರದು. ನರ್ಸರಿಯವರು ಚದರಡಿಯ ಬೆಲೆಯ ಪಕ್ಕದಲ್ಲಿ ಹುಲ್ಲಿನ ಸಸ್ಯಶಾಸ್ತ್ರೀಯ ಹೆಸರನ್ನೂ ಅದಕ್ಕೆ ಬೇಕಾದ ಬಿಸಿಲಿನ ಗಂಟೆಗಳನ್ನೂ ಬರೆದು ಹಾಕಲಿ. ವರ್ಷಕ್ಕೆರಡು ಬಾರಿ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಸುವ ತೋಟಗಾರಿಕೆ ಇಲಾಖೆ ಅಲ್ಲಿನ ಮಳಿಗೆಗಳಿಂದಲೇ ಈ ಪದ್ಧತಿಯನ್ನು ಆರಂಭಿಸಲಿ.