ಬಾಂಜೋ: ಕಿವಿಯಿಂದ ಕಾಗದಕ್ಕೆ

ಬಾಂಜೋ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಬೆರಳಚ್ಚು ಯಂತ್ರದಂತೆ ಗುಂಡಿಗಳುಳ್ಳ ಬುಲ್‌ಬುಲ್ ತರಂಗ. ಅದಕ್ಕೂ ಆ ಹೆಸರು ರೂಢಿಯಲ್ಲಿ ಉಂಟು. ನಾನು ಹೇಳಹೊರಟಿರುವುದು ಅಮೆರಿಕದ ಬಾಂಜೋ ವಿಚಾರ. ಚರ್ಮ ಬಿಗಿದ ದುಂಡನೆಯ ಒಡಲು, ನೀಳವಾದ ದಂಡಿ, ಐದು ತಂತಿ. ಐದನೆಯದು ಗಿಡ್ಡ ತಂತಿ. ಸಾಮಾನ್ಯವಾಗಿ ಅದು ಶ್ರುತಿಯಂತೆ ಒಂದೇ ಸ್ವರವನ್ನು ಮಿಡಿಯುತ್ತಿರುತ್ತದೆ.

ಈ ವಾದ್ಯದ ತವರು ಆಫ್ರಿಕ. ಗುಲಾಮರಾಗಿ ಕಡಲು ದಾಟಿದವರು ಅದನ್ನು ನೆನಪಿನಲ್ಲಿ ತಂದರು. ಸೋರೆಬುರುಡೆಗೆ ಚರ್ಮ ಹೊದಿಸಿ, ವೆಸ್ಟ್ ಇಂಡೀಸಿನಲ್ಲಿಯೂ ಅಮೆರಿಕದ ತೋಟಗಳಲ್ಲಿಯೂ ಮತ್ತೆ ಕಟ್ಟಿಕೊಂಡರು. ಇದು ಆಫ್ರಿಕದಿಂದ ಬಂದ ವಾದ್ಯವೆಂದು ಥಾಮಸ್ ಜೆಫರ್‌ಸನ್ 1780ರ ದಶಕದಲ್ಲಿ ಅಚ್ಚಾದ ವರ್ಜೀನಿಯ ಕುರಿತ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ನುಡಿಸಿದವರ ಹೆಸರು ಅಲ್ಲಿ ಇಲ್ಲ. ಮುಂದೆ ವರ್ಜೀನಿಯದ ಜೋಯೆಲ್ ಸ್ವೀನಿಯಂಥ ಬಿಳಿಯರು ಅವರಿಂದ ಕಲಿತು, ಮುಖಕ್ಕೆ ಮಸಿ ಬಳಿದುಕೊಂಡು, ರಂಗದ ಮೇಲೆ ಹಣ ಹೆಸರು ಗಳಿಸಿದರು. 1855ರಲ್ಲಿ ಬ್ರಿಗ್ಸನ ಬಾಂಜೋ ಬೋಧಿನಿಯೂ ಅಚ್ಚಾಯಿತು. ಕಾಗದ ವಾದ್ಯಕ್ಕೆ ಒದಗಿದ್ದು ಹೀಗೆ, ಬಹಳ ತಡವಾಗಿ.

ಈಗ ಕಲಿಯುವವರಿಗೆ ಪ್ರಿಯವಾದದ್ದು ಟ್ಯಾಬ್ಲೇಚರ್ ಎಂಬ ಲಿಪಿ. ಐದು ಗೆರೆ ಐದು ತಂತಿಗೆ. ಮೇಲಿನ ಅಂಕಿ, ಯಾವ ಮೆಟ್ಟಿಲನ್ನು ಒತ್ತಬೇಕೆಂಬುದಕ್ಕೆ. ಬೆರಳು ಎಲ್ಲಿರಬೇಕೆಂದು ಅದು ಚೆನ್ನಾಗಿ ಹೇಳುತ್ತದೆ. ಆ ಸ್ವರಗಳಲ್ಲಿ ಹಾಡು ಯಾವುದು, ತುಂಬಿದ್ದು ಯಾವುದು ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಈ ಮಾತಿಗೆ ಅರ್ಲ್ ಸ್ಕ್ರಗ್ಸನ ಬಾಳೇ ಸಾಕ್ಷಿ. 1924ರಲ್ಲಿ ಉತ್ತರ ಕೆರೊಲಿನದ ಹಳ್ಳಿಗಾಡಿನಲ್ಲಿ ಹುಟ್ಟಿದ ಆತ ನಾಲ್ಕು ವರ್ಷದವನಿದ್ದಾಗಲೇ ತಂದೆಯನ್ನು ಕಳೆದುಕೊಂಡನು. ಹತ್ತು ವರ್ಷದವನಿದ್ದಾಗ ಅಣ್ಣನೊಡನೆ ಜಗಳವಾಡಿ ಕೋಣೆ ಸೇರಿ, ‘ರೂಬೆನ್’ ಎಂಬ ಮಟ್ಟನ್ನು ನುಡಿಸುತ್ತಿದ್ದಾಗ, ತಾನು ಮೂರು ಬೆರಳಿನಿಂದ ಮೀಟುತ್ತಿರುವುದು ಅವನ ಅರಿವಿಗೆ ಬಂತಂತೆ. ಆ ಸೀಮೆಯಲ್ಲಿ ಸ್ನಫಿ ಜೆಂಕಿನ್ಸ್ ಮೊದಲಾದವರು ಮೂರು ಬೆರಳಿನ ವಾದನವನ್ನು ಆಗಲೇ ಬಲ್ಲವರಾಗಿದ್ದರು. ಸ್ಕ್ರಗ್ಸನ ಹೆಚ್ಚುಗಾರಿಕೆ ಎಂದರೆ, ಎಂಟೆಂಟು ಮೀಟುಗಳ ಆ ಓಟದ ನಡುವೆಯೂ ಹಾಡು ಮುಳುಗದಂತೆ ನೋಡಿಕೊಂಡದ್ದು. ಅಣ್ಣತಮ್ಮಂದಿರು ಒಂದೇ ಮಟ್ಟನ್ನು ಒಟ್ಟಿಗೆ ಆರಂಭಿಸಿ, ಮನೆಯನ್ನು ಒಬ್ಬೊಬ್ಬರು ಒಂದೊಂದು ದಿಕ್ಕಿನಿಂದ ಸುತ್ತಿ, ಎದುರುಬದುರಾದಾಗ ತಾಳ ಕೂಡಿದೆಯೇ ಎಂದು ಪರೀಕ್ಷಿಸಿಕೊಳ್ಳುತ್ತಿದ್ದರಂತೆ!

1945ರ ಡಿಸೆಂಬರಿನಲ್ಲಿ ಆತ ಬಿಲ್ ಮನ್ರೋವಿನ ಮೇಳ ಸೇರಿದಾಗ ಕೇಳಿದವರು ಬೆರಗಾದರು. ಆಮೇಲೆ ಬಿಲ್ ಕೀತ್ ಎಂಬ ತರುಣ, ಸ್ಕ್ರಗ್ಸನ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ ಲಿಪಿಗಿಳಿಸಿದನು. 1968ರಲ್ಲಿ ಹೊರಬಂದ ಸ್ಕ್ರಗ್ಸನ ಪುಸ್ತಕಕ್ಕೆ ಆ ಶ್ರಮ ಒದಗಿತು. ಗಮನಿಸಿ: ಆ ಲಿಪಿಯೂ ಕಿವಿಯ ಮಗುವೇ. ಕೀತ್ ಅಲ್ಲಿಗೇ ನಿಲ್ಲದೆ, ಪಿಟೀಲಿನ ಮಟ್ಟುಗಳನ್ನು ಸ್ವರ ಬಿಡದಂತೆ ಬಾಂಜೋವಿನಲ್ಲಿ ಹೊರಡಿಸುವ ಹೊಸ ಹಾದಿಯನ್ನೂ ತೋರಿಸಿದನು.

ಹಾಗಾದರೆ ಕಲಿಯುವ ಬಗೆ? ಮೊದಲು ಹಾಡನ್ನು ಬಾಯಲ್ಲಿ ಗುನುಗಬೇಕು. ಬಳಿಕ ಅದರ ಸ್ವರಗಳನ್ನು ತಂತಿಯ ಮೇಲೆ ತಡಕಿ ಹುಡುಕಬೇಕು. ಮುಖ್ಯ ಸ್ವರಗಳು ಪೆಟ್ಟು ಬೀಳುವೆಡೆ ನೆಲೆನಿಂತ ಮೇಲೆ ಉಳಿದ ಬೆರಳುಗಳು ತೆರಪನ್ನು ತುಂಬಲಿ. ದಾರಿ ತಪ್ಪಿದರೆ ಹಾಡೇ ಕೈಹಿಡಿದು ಕರೆತರುತ್ತದೆ. ಅಂಕಿಗಳನ್ನಷ್ಟೇ ಉರುಹೊಡೆದವನಿಗೆ ಆ ಆಸರೆ ಇರದು.

ಕಾಗದವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ತೋಟದ ಗುಡಿಸಲುಗಳಲ್ಲಿ ಮೊದಲು ನುಡಿದ ಮಟ್ಟುಗಳಲ್ಲಿ ಎಷ್ಟೋ, ಬರೆದಿಡುವವರಿಲ್ಲದೆ ಅಳಿದುಹೋದವು. ಆದರೆ ಆ ಹೆಸರಿಲ್ಲದವರು ಉಳಿಸಿಹೋದ ವಿದ್ಯೆಯೊಂದಿದೆ: ಕೇಳುವುದು, ಹಾಡುವುದು, ಆಮೇಲೆ ಮೀಟುವುದು. ಅದನ್ನು ಬಿಟ್ಟರೆ ಪುಸ್ತಕ ಕೈಯಲ್ಲಿದ್ದರೂ ನಾವು ಅವರಿಗಿಂತ ಬಡವರು.