ಮನೆಮಗ್ಗದ ಹತ್ತಿಧೂಳು

ಬಾಗಲಕೋಟೆ ಜಿಲ್ಲೆಯ ಅವಳಿ ಊರು ರಬಕವಿ-ಬನಹಟ್ಟಿ ನೇಕಾರಿಕೆಗೆ ಹೆಸರಾದದ್ದು. ಮನೆಗೆ ಹೊಂದಿಕೊಂಡ ಪವರ್‌ಲೂಮ್ ಕೋಣೆಗಳಲ್ಲಿ ತೇಲುವ ಧೂಳಿನಲ್ಲಿ ಹತ್ತಿಯ ನಾರು, ಗಂಜಿಯ ಪುಡಿ, ಅರಳೆಯೊಡನೆ ಬಂದ ಎಲೆಚೂರು, ಸೂಕ್ಷ್ಮಾಣುಗಳ ಅವಶೇಷ ಬೆರೆತಿರುತ್ತವೆ. ಮಗ್ಗವಿರುವ ಸೂರಿನಡಿಯೇ ಅಡಿಗೆ, ಊಟ, ಮಕ್ಕಳ ನಿದ್ದೆ ನಡೆಯುವಲ್ಲಿ ಈ ಧೂಳನ್ನು ದುಡಿಮೆಯ ಸಮಸ್ಯೆಯೆಂದಷ್ಟೇ ಎಣಿಸಲಾಗದು.

ಏಳುವ ಬಗೆ

ಕಂಡಿಕೆ ಸುತ್ತುವಾಗ, ಹಾಸು ಹೂಡುವಾಗ, ಹಣಿಗೆಯಲ್ಲಿ ಎಳೆಗಳು ಉಜ್ಜುವಾಗ ನಾರು ಬಿಡುತ್ತದೆ. ಒಣಗಿದ ಹತ್ತಿನೂಲು ಬೇಗ ಕಡಿಯುವುದರಿಂದ ಬಯಲುಸೀಮೆಯ ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ತೇವ ಕಾಯುವುದು ಅನಿವಾರ್ಯ. ನೂಲಿಗೆ ಹಿತವಾದ ಈ ಮುಚ್ಚಿದ ಗಾಳಿಯೇ ಎದೆಗೆ ಕೇಡು.

ರೋಗ

ಅಗಸೆ, ಸೆಣಬಿನ ನಾರು ಬಾಚುವವರ ಕೆಮ್ಮನ್ನು ಇಟಲಿಯ ರಾಮಾಜಿನಿ 1700ರಲ್ಲೇ ದಾಖಲಿಸಿದ್ದ. ಬೆಲ್ಜಿಯಂನ ಘೆಂಟ್ ನಗರದ ಹತ್ತಿ ಕಾರ್ಮಿಕರು ಸೋಮವಾರ ಧೂಳು ಹೆಚ್ಚು ಕಾಡುತ್ತದೆ ಎಂದದ್ದು 1845ರ ವರದಿಯಲ್ಲಿದೆ. ಮುಂದೆ ಈ ರೋಗಕ್ಕೆ 'ಬಿಸಿನೋಸಿಸ್' ಎಂಬ ಹೆಸರು ಬಂತು. ವಾರದ ರಜೆ ಮುಗಿದ ಮೊದಲ ದಿನ ಎದೆ ಬಿಗಿಯುವುದು ಇದರ ಗುರುತು. ವರ್ಷಗಟ್ಟಲೆ ಮುಂದುವರಿದರೆ ಎಲ್ಲ ದಿನಕ್ಕೂ ಹರಡಿ, ಶ್ವಾಸಕೋಶದ ಬಲ ಶಾಶ್ವತವಾಗಿ ಕುಗ್ಗಬಹುದು. ಹತ್ತಿಗೆ ಅಂಟಿದ ಬ್ಯಾಕ್ಟೀರಿಯಾಗಳ ಎಂಡೋಟಾಕ್ಸಿನ್ ಮುಖ್ಯ ಕಾರಣವೆಂದು ಬಹುಪಾಲು ತಜ್ಞರ ಎಣಿಕೆ. ಅರಳೆ ಬಿಡಿಸುವ, ನೂಲುವ ಗಿರಣಿಗಳಲ್ಲಿ ಅಪಾಯ ಹೆಚ್ಚು, ನೇಯ್ಗೆಯಲ್ಲಿ ಸಾಮಾನ್ಯವಾಗಿ ಕಡಿಮೆ. ಬೀಡಿ-ಸಿಗರೇಟು ಸೇದುವವರಿಗೆ ಹಾನಿ ಇನ್ನೂ ಹೆಚ್ಚು.

ಅಳತೆ

ಮಗ್ಗದ ಮೇಲೆ ಕುಳಿತ ಬಿಳಿ ನಾರು ಕಣ್ಣಿಗೆ ಬೀಳುತ್ತದೆ. ಎದೆಗಿಳಿಯುವ ಕಣ ಕಾಣುವುದಿಲ್ಲ. ಆದ್ದರಿಂದ ಎಲುಟ್ರಿಯೇಟರ್ ಎಂಬ ನೆಟ್ಟನೆಯ ಕೊಳವೆಯಲ್ಲಿ ನಿಮಿಷಕ್ಕೆ 7.4 ಲೀಟರ್ ಗಾಳಿಯನ್ನು ಮೇಲಕ್ಕೆಳೆಯುತ್ತಾರೆ. ಸುಮಾರು 15 ಮೈಕ್ರೋಮೀಟರ್‌ಗಿಂತ ದೊಡ್ಡ ಕಣ ತನ್ನ ಭಾರಕ್ಕೆ ಕೆಳಗುಳಿದು, ಸಣ್ಣದು ಸೋಸುಕಾಗದಕ್ಕೆ ಸೇರುತ್ತದೆ; ಕಾಗದ ತೂಗಿದರೆ ಲೆಕ್ಕ ಸಿಕ್ಕಿತು. ಅಮೆರಿಕ 1978ರಲ್ಲಿ ಇದೇ ವಿಧಾನದಿಂದ ಎಂಟು ಗಂಟೆಯ ಸರಾಸರಿ ಮಿತಿ ಗೊತ್ತುಪಡಿಸಿತು: ಘನಮೀಟರ್ ಗಾಳಿಗೆ ನೂಲು ತಯಾರಿಕೆಯಲ್ಲಿ 0.2 ಮಿಲಿಗ್ರಾಂ, ಗಂಜಿ ಹಚ್ಚುವಲ್ಲಿ ಮತ್ತು ನೇಯುವಲ್ಲಿ 0.75. ನೇಯ್ಗೆಯ ಧೂಳಿನಲ್ಲಿ ಗಂಜಿಯ ಪಾಲು ಹೆಚ್ಚು; ಅಲ್ಲಿನ ಮಿತಿ ಸಡಿಲವಾಗಿರುವುದನ್ನು ಇದನ್ನು ಗಮನದಲ್ಲಿಟ್ಟು ಓದಬೇಕು. ಮನೆಯ ಗಾಳಿಗೆ ಆ ಮಿತಿಯನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಗಿರಣಿ ಬಿಟ್ಟವನಿಗೆ ಬೇರೆ ಗಾಳಿ ಸಿಗುತ್ತದೆ, ಮನೆ ನೇಕಾರನಿಗೆ ರಾತ್ರಿಯೂ ಅದೇ.

ಕಾನೂನು

1948ರ ಕಾರ್ಖಾನೆ ಕಾಯ್ದೆ ಬಿಸಿನೋಸಿಸನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ಆ ಕಾಯ್ದೆಯಡಿ ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಕಾರ್ಮಿಕರಿದ್ದರಷ್ಟೇ ಅದು ಕಾರ್ಖಾನೆ ಎನಿಸುತ್ತಿತ್ತು. ನಾಲ್ಕು ಮಗ್ಗದ ಮನೆ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ.



ತಡೆ

ಒಣ ಕಸಬರಿಗೆಯಿಂದ ಗುಡಿಸುವುದು, ಕಂಪ್ರೆಸರ್ ಗಾಳಿಯಿಂದ ಮಗ್ಗ ಊದುವುದು ಎರಡೂ ಕುಳಿತ ಕಣವನ್ನು ಮತ್ತೆ ಎಬ್ಬಿಸುತ್ತವೆ. ವ್ಯಾಕ್ಯೂಮ್‌ನಿಂದ ಹೀರಿ, ನೆಲವನ್ನು ಒದ್ದೆಬಟ್ಟೆಯಿಂದ ಒರೆಸುವುದು ಲೇಸು. ಮೂಗಿಗೆ ಕಟ್ಟುವ ಬಟ್ಟೆ ದೊಡ್ಡ ನಾರನ್ನಷ್ಟೇ ತಡೆಯುತ್ತದೆ. ಸಣ್ಣ ಕಣಕ್ಕೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್‌95 ಮಾಸ್ಕ್ ಬೇಕು. ಎಕ್ಸಾಸ್ಟ್ ಫ್ಯಾನ್ ಧೂಳಿನ ಜೊತೆ ತೇವವನ್ನೂ ಹೊರದಬ್ಬುವುದರಿಂದ, ಹೊರಗಿನಿಂದ ಬರುವ ಗಾಳಿಯನ್ನು ಒದ್ದೆ ಪರದೆಯ ಮೂಲಕ ಒಳಬಿಡುವ ಏರ್ಪಾಡು ಜೊತೆಗಿರಬೇಕು. ಮಗ್ಗದ ಕೋಣೆಗೂ ಮಲಗುವ ಕೋಣೆಗೂ ನಡುವೆ ಮುಚ್ಚುವ ಬಾಗಿಲೊಂದು ಎಲ್ಲಕ್ಕಿಂತ ಮೊದಲ ಅಗತ್ಯ.