ಪದ ಪರಿಚಯ: ಮುನ್ನೋಟ

ಆಡು ಎಂಬುದರಿಂದ ಆಟ, ಓಡು ಎಂಬುದರಿಂದ ಓಟ ಆಗುವಂತೆ ‘ನೋಡು’ ಧಾತುವಿನಿಂದ ಹುಟ್ಟಿದ ‘ನೋಟ’ಕ್ಕೆ ‘ಮುನ್’ ಸೇರಿ ‘ಮುನ್ನೋಟ’ವಾಗಿದೆ; ಈ ‘ಮುನ್’ ಎಂಬುದು ‘ಮುನ್ನ’ದಲ್ಲಿ ಕಳೆದ ಕಾಲವನ್ನೂ ‘ಮುಂದೆ’ಯಲ್ಲಿ ಬರುವ ಕಾಲವನ್ನೂ ಸೂಚಿಸುವುದು ಕನ್ನಡದ ಸೊಗಸು. ಪತ್ರಿಕೆಗಳ ‘ಬಜೆಟ್ ಮುನ್ನೋಟ’ದಲ್ಲಿ ಇದರ ಅರ್ಥ ಮುಂಚಿತ ಪರಿಚಯವಷ್ಟೆ, ಯೋಜನಾ ನಿರ್ವಹಣೆಯಲ್ಲಾದರೋ ಇದು ತಂಡದವರೆಲ್ಲರೂ ತಮ್ಮದೆಂದು ಒಪ್ಪಿ, ತಮ್ಮ ಪಾಲಿನ ಕೆಲಸವನ್ನು ಅಳೆದು ನೋಡಿಕೊಳ್ಳುವ ಗುರಿಯ ಚಿತ್ರ. 1961ರ ಮೇ 25ರಂದು ಅಮೆರಿಕದ ಅಧ್ಯಕ್ಷ ಕೆನಡಿ, ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನ ಮೇಲಿಳಿಸಿ ಸುರಕ್ಷಿತವಾಗಿ ಕರೆತರಬೇಕೆಂದದ್ದು ಅಂಥ ಮುನ್ನೋಟ: ಕೆಲಸವೂ ಗಡುವೂ ಸ್ಪಷ್ಟವಾಗಿದ್ದುದರಿಂದ ರಾಕೆಟ್ ಕಟ್ಟುವವರಿಗೂ ಗಗನಯಾತ್ರಿಯ ಉಡುಪು ಹೊಲಿಯುವವರಿಗೂ ದಿಕ್ಕು ಒಂದೇ ಆಯಿತು. ‘ದೂರದೃಷ್ಟಿ’ ಒಬ್ಬರ ಗುಣವನ್ನು ಹೇಳುವ ಪದವಾದ್ದರಿಂದ, ತಂಡದ ಸಂದರ್ಭದಲ್ಲಿ ‘ಸಮಾನ ಮುನ್ನೋಟ’ ಎಂದು ಬರೆಯುವುದೇ ಮೇಲು.